ಎರಡು ನಿಂಬೆಗಿಡ, ಒಂದು ರೇಡಿಯೇಟರ್

ಕೆಳಮನೆಯ ಮುದುಕಿ ಹಿಲ್ಕಳ ನಿಂಬೆಗಿಡ ಏಳನೆಯ ಕಾಯಿ ಬಿಟ್ಟಿದೆ ಎಂದು ತಿಳಿದಂದಿನಿಂದ ತೌನೊಗೆ ಕಾಫಿ ರುಚಿಸುತ್ತಿರಲಿಲ್ಲ. ಎರಡು ಗಿಡಗಳೂ ಒಂದೇ ಹಣ್ಣಿನ ಬೀಜದವು. ಆರು ವರ್ಷದ ಹಿಂದೆ ಮುದುಕಿಯೇ ಹಂಚಿಕೊಟ್ಟಿದ್ದಳು. ಅವಳದು ಕಿಟಕಿ ತುಂಬಿತ್ತು. ಇವನದರಲ್ಲಿ ಹನ್ನೊಂದು ಎಲೆ. ದಿನಾ ಎಣಿಸುತ್ತಿದ್ದ.

ತಪ್ಪೆಲ್ಲ ಕೋಣೆ ಕಾಯಿಸುವ ರೇಡಿಯೇಟರಿನದು. ಕುವೊಪಿಯೊ ಊರಿನ ಆ ಹಳೆಯ ಕಟ್ಟಡದಲ್ಲಿ ನೆಲಮಾಳಿಗೆಯಿಂದ ಹೊರಟ ಬಿಸಿನೀರು ಹಿಲ್ಕಳ ಮನೆಯಲ್ಲಿ ಹಾಯಾಗಿ ಕೂತು, ತೌನೊನ ಮೂರನೆಯ ಅಂತಸ್ತು ತಲುಪುವಾಗ ನಿನ್ನೆಯ ಸಾರಿನಂತಾಗಿರುತ್ತಿತ್ತು. ಜನವರಿಯಲ್ಲಿ ಅವಳು ತೋಳಿಲ್ಲದ ಅಂಗಿ ತೊಟ್ಟು ಗಿಡಕ್ಕೆ ನೀರು ಹಾಕುವುದನ್ನು ತೌನೊ ಅಂಗಳದಲ್ಲಿ ಹಿಮ ಗೋರುತ್ತ ನೋಡುತ್ತಿದ್ದ. ಹೊಟ್ಟೆಕಿಚ್ಚಿನಿಂದ ಕೋಣೆ ಬೆಚ್ಚಗಾಗುವಂತಿದ್ದರೆ ಅವನಿಗೆ ರೇಡಿಯೇಟರೇ ಬೇಕಿರಲಿಲ್ಲ.

ಅಂತೂ ಕಟ್ಟಡದ ಸಂಘ ಎಚ್ಚೆತ್ತು ಮೆಟ್ಟಿಲ ಬಳಿ ಚೀಟಿ ಅಂಟಿಸಿತು. ಮಂಗಳವಾರ ಮೆಕ್ಯಾನಿಕ್ ಯರ್ಮೊ ಮನೆಮನೆಯ ಶಾಖ ಅಳೆದು, ಎಲ್ಲರಿಗೂ ಇಪ್ಪತ್ತೊಂದು ಡಿಗ್ರಿ ಬರುವಂತೆ ವಾಲ್ವ್ ತಿರುಗಿಸುತ್ತಾನೆ. ಅಂದು ಯಾರೂ ಕಿಟಕಿ ತೆರೆಯಬಾರದು.

ಮಂಗಳವಾರ ಬೆಳಿಗ್ಗೆ ಏಳಕ್ಕೇ ತೌನೊ ಕಿಟಕಿ ಪೂರ್ತಿ ತೆರೆದ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಅಂಗಳದ ಕಣ್ಣುಗಳಿಗೆ ಬೀಳದಿರಲೆಂದು ಪರದೆ ಎಳೆದು, ಕೆಳಗಿಳಿದು ಹಿಲ್ಕಳ ಬಾಗಿಲು ತಟ್ಟಿದ. ಅವಳ ಏಲಕ್ಕಿ ಬನ್ನೆಂದರೆ ಯರ್ಮೊಗೆ ಪ್ರಾಣ ಎಂದು ಒಂದು ಸುಳ್ಳು ಬಿಟ್ಟ. ಮುದುಕಿ ಅರಳಿಹೋದಳು. ಒಂದು ತಟ್ಟೆ ಸಾಲದು ಎಂದು ಎರಡನೆಯದನ್ನೂ ಓವನ್ನಿಗೆ ಇಡಿಸಿದ.

ಹತ್ತಕ್ಕೆ ಬಂದ ಯರ್ಮೊ ಹಿಲ್ಕಳ ಮನೆಯಲ್ಲಿ ಇಪ್ಪತ್ತೇಳು ಡಿಗ್ರಿ ಬರೆದುಕೊಂಡು, ಮೂರು ಬನ್ನು ತಿಂದು ಮೇಲೆ ಹತ್ತಿದ. ತೌನೊ ಆಗಷ್ಟೇ ಪರದೆಯ ಸಂದಿಯಲ್ಲಿ ಕೈ ತೂರಿಸಿ ಕಿಟಕಿ ಮುಚ್ಚಿದ್ದ. ಥರ್ಮಾಮೀಟರ್ ಒಂಬತ್ತು ತೋರಿಸಿತು.

"ಇನ್ನೂ ಬದುಕಿದ್ದೀರಲ್ಲ ನೀವು," ಎಂದ ಯರ್ಮೊ.

"ಅಭ್ಯಾಸ ಆಗೋಗಿದೆ ಬಿಡಪ್ಪ. ಕೆಳಗಿನೋರು ಬೆಚ್ಚಗಿದ್ರೆ ಸಾಕು."

ಯರ್ಮೊ ಅವಳ ವಾಲ್ವ್ ಬಿಗಿದ, ಇವನದನ್ನು ಪೂರ್ತಿ ಬಿಟ್ಟ. ಮಧ್ಯಾಹ್ನಕ್ಕೆ ರೇಡಿಯೇಟರ್ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟತೊಡಗಿತು. ನಾಲ್ಕಕ್ಕೆ ಇಪ್ಪತ್ತಾರು ಡಿಗ್ರಿ. ತೌನೊ ಎರಡು ಜೊತೆ ಉಣ್ಣೆ ಕಾಲುಚೀಲ ಕಳಚಿದ, ಅಂಗಿಯನ್ನೂ ಕಳಚಿದ. ಬನಿಯನ್ನಿನಲ್ಲಿ ಗಿಡಕ್ಕೆ ನೀರು ಹಾಕುವುದನ್ನು ಅಂಗಳವೆಲ್ಲ ನೋಡಲಿ ಎಂದು ಪರದೆ ಸರಿಸಿದ.

ಕಿಟಕಿಕಟ್ಟೆಯ ಗಿಡ ಬೆಳಗಿನಿಂದ ಪರದೆಯ ಆಚೆಗೇ, ಆ ಕೊರೆವ ಗಾಳಿಯಲ್ಲೇ ಇತ್ತು. ಎಲೆಗಳು ಬೇಯಿಸಿದ ಪಾಲಕಿನಂತೆ ಜೋತುಬಿದ್ದಿದ್ದವು. ಮುಟ್ಟಿದರೆ ಕೈಗೇ ಬಂದವು. ಎಣಿಸಿದ. ಹನ್ನೊಂದೂ ಇದ್ದವು.

ಕರೆಗಂಟೆ ಬಡಿಯಿತು. ಬಾಗಿಲಲ್ಲಿ ಹಿಲ್ಕ, ಶಾಲು ಹೊದ್ದು. ಹಿಂದೆ ಏಳು ಕಾಯಿಯ ಕುಂಡ ಹೊತ್ತು ಏದುಸಿರು ಬಿಡುತ್ತಿದ್ದ ಯರ್ಮೊ.

"ಓವನ್ ಆರಿದ್ಮೇಲೆ ನಮ್ಮನೇಲಿ ಹದಿನೇಳು ಕಣೋ ತೌನೊ. ವಾಲ್ವ್ ಮತ್ತೆ ಮುಟ್ಟೋದು ಮುಂದಿನ ಚಳಿಗಾಲಕ್ಕೇ ಅಂತೆ. ಇಡೀ ಕಟ್ಟಡದಲ್ಲಿ ಗಿಡಕ್ಕೆ ಒಗ್ಗೋದು ನಿನ್ನ ಮನೆಯೊಂದೇ ಅಂತ ಇವನೇ ಹೇಳ್ದ." ಅವಳು ಕಿಟಕಿಯತ್ತ ಕತ್ತು ಚಾಚಿದಳು. "ಅಯ್ಯೋ ಪಾಪ, ನಿಂದು ಹೋಯ್ತಾ? ಸರಿ, ಜಾಗ ಆಯ್ತಲ್ಲ."

ಕುಂಡ ಕಿಟಕಿಯಲ್ಲಿ ಕೂತಿತು. ರೇಡಿಯೇಟರ್ ಪಕ್ಕದ ಅವನ ಕುರ್ಚಿಯಲ್ಲಿ ಹಿಲ್ಕ ಕೂತಳು. ಕೆಳಗೆ ಅಂಗಳದಲ್ಲಿ ಇಬ್ಬರು ನಿಂತು ಮೇಲೆ ನೋಡಿ, ಹಿಲ್ಕಳಿಗೆ ಕೈ ಬೀಸಿದರು. ಬನಿಯನ್ನಿನಲ್ಲಿ ನಿಂತಿದ್ದ ತೌನೊನ ಕೈಗೆ ಅವಳು ನೀರಿನ ತಂಬಿಗೆ ಕೊಟ್ಟಳು.

"ನಿಧಾನಕ್ಕೆ ಹಾಕು. ಎಂಟನೇ ಕಾಯಿ ಕಚ್ತಾ ಇದೆ."