ಮಂಚಯ್ಯನ ಬೆರಳಿಗೆ ಎರಡು ವರ್ಷ

“ಇವತ್ತು ಸಂಜೆ ಐದಕ್ಕೆ ನಿನ್ನ ಬೆಳ್ಳು ಹೋಗಿ ಎರಡು ವರ್ಸ ತುಂಬ್ತದೆ ಕಣಯ್ಯ. ಆಮ್ಯಾಕೆ ಕೊಟ್ರೆ ಅರ್ಜಿ ತಗಳಾಕಿಲ್ವಂತೆ,” ಎಂದು ಬೆಟ್ಟಮ್ಮ ಹೇಳಿದಾಗ ಅವಳ ಗಂಡ ಮಂಚಯ್ಯ ಉಳಿದ ಮೂರು ಬೆರಳಲ್ಲಿ ಮುದ್ದೆ ಮುರಿಯುತ್ತಿದ್ದ.

ಬಲಗೈಯ ಇನ್ನೆರಡು ಬೆರಳನ್ನು ದೇವರಾಜುವಿನ ಆಲೆಮನೆಯ ಗಾಣ ಕಬ್ಬಿನ ಜೊತೆಗೇ ನುಂಗಿತ್ತು. ಪರಿಹಾರ ಕೇಳಲು ಎರಡು ವರ್ಷದ ಗಡುವು. ಯುಗಾದಿಗೆ ಕೇಳಿದರೆ ದೇವರಾಜು ಗೌರಿಹಬ್ಬಕ್ಕೆ ಅನ್ನುತ್ತಿದ್ದ. ಗೌರಿಹಬ್ಬಕ್ಕೆ ಕೇಳಿದರೆ ನಾಲ್ಕು ಅಚ್ಚು ಬೆಲ್ಲ ಕೊಟ್ಟು ಸಂಕ್ರಾಂತಿಗೆ ಅನ್ನುತ್ತಿದ್ದ. ಮೊನ್ನೆ ಮಾತ್ರ, ಯಾವ ಮಂಚಯ್ಯ, ನನ್ನ ಆಲೆಮನೆಗೆ ಅವನು ಕಾಲೇ ಇಟ್ಟಿಲ್ಲ ಅಂದುಬಿಟ್ಟ. ಪಾಪ, ಮಂಚಯ್ಯ ಇಟ್ಟದ್ದು ಕೈಯನ್ನು.

ಮೂರು ಬೆರಳಿನ ಬಲಗೈಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ಪರಿಹಾರ ಬಂದರೆ ಒಂದು ಸೀಮೆಹಸು ಕಟ್ಟಿ ಬದುಕಬಹುದೆಂದು ಬೆಟ್ಟಮ್ಮ ಕೊಟ್ಟಿಗೆಯನ್ನೂ ಸಾರಿಸಿಟ್ಟಿದ್ದಳು.

ಗಂಡ ಹೆಂಡತಿ ಹೊರಡುವಷ್ಟರಲ್ಲಿ ಬೀದಿಯೇ ವಕೀಲರ ಸಂಘವಾಯಿತು. ಬೆರಳಿನ ಎಕ್ಸ್‌ರೇ ಬೇಕೇ ಬೇಕು ಎಂದ ನೆರೆಮನೆಯ ದೇವಯ್ಯ. ಇಲ್ಲದ ಬೆರಳಿಗೆ ಎಕ್ಸ್‌ರೇ ಹೇಗೆ ತೆಗೀತಾರೆ ಎಂದು ಲೋಕೇಶ ತಗಾದೆ ತೆಗೆದ. ಇಬ್ಬರನ್ನೂ ಬಿಡಿಸುವ ಹೊತ್ತಿಗೆ ಕೆ.ಆರ್. ಪೇಟೆ ಬಸ್ಸು ಧೂಳೆಬ್ಬಿಸಿ ಹೋಗಿತ್ತು.

ಆಗ ಪಂಚಾಯ್ತಿ ಮೆಂಬರು ಧರ್ಮೇಂದ್ರ ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ, ದೇವರು ಪ್ರತ್ಯಕ್ಷನಾದಂತೆ ಕಾರು ನಿಲ್ಲಿಸಿದ. ಬಡವರ ಕೆಲಸವೆಂದರೆ ಅವನು ಕರೆಯದೆಯೂ ಬರುವವನು. ದಾರಿಯಲ್ಲಿ ಒಂದು ಬೀಗರೂಟಕ್ಕೆ ಮುಖ ತೋರಿಸಿ, ಒಂದು ತಿಥಿಯಲ್ಲಿ ಎಲೆ ಮುಂದೆ ಕೂತೆದ್ದು, ಪೇಟೆಯ ಕಾರ್ಮಿಕ ಕಚೇರಿ ಮುಟ್ಟಿಸುವಾಗ ನಾಲ್ಕೂವರೆ.

ಅಧಿಕಾರಿ ರಂಜಿತ ಅರ್ಜಿ ಓದಿ, ಕೂಲಿ ಮಾಡುವವರು ಅನ್ನುವುದಕ್ಕೆ ದಾಖಲೆ ಏನಿದೆ ಎಂದು ಕೇಳಿದರು. ಮಂಚಯ್ಯ ಕೈ ಚಾಚಿದ. ಕಾಗದ ಬೇಕು ಅಂದರು.

ಪಕ್ಕದ ಕುರ್ಚಿಯಿಂದ ಧರ್ಮೇಂದ್ರ ಮುಂದಕ್ಕೆ ಬಾಗಿದ. “ಇವ್ನು ಉದ್ಯೋಗ ಖಾತ್ರೀಲೂ ಕೂಲಿ ಮಾಡವ್ನೆ ಮೇಡಂ. ಕಾರ್ಡ್ ನಂಬರ್ ಹೇಳ್ತೀನಿ, ಕಂಪ್ಯೂಟರ್‌ನಲ್ಲೇ ನೋಡ್ಕಳಿ.”

ನಲವತ್ತು ಮನೆಯ ಕಾರ್ಡುಗಳು ಅವನ ಬೀರುವಿನಲ್ಲೇ ಇದ್ದುದರಿಂದ ನಂಬರು ಬಾಯಿಪಾಠವಾಗಿತ್ತು. ಯಾವ ಕಾರ್ಡಿಗೆ ಯಾವ ದಿನ ಹಾಜರಿ ಹಾಕಿಸಿದ್ದೆ ಎಂಬುದು ಮಾತ್ರ ನೆನಪಿರಲಿಲ್ಲ.

“ಗಾಣಕ್ಕೆ ಕೈ ಸಿಕ್ಕಿದ್ದು ಹನ್ನೆರಡನೇ ತಾರೀಕು ಬೆಳಗ್ಗೆ ಹತ್ತಕ್ಕೆ ಅಂತ ಬರೆದಿದ್ದೀರಿ,” ಎಂದರು ರಂಜಿತ. “ಅವತ್ತು ಹತ್ತು ಗಂಟೆಗೆ ನೀವು ಕೆರೆ ಹೂಳು ಎತ್ತುತ್ತಾ ಇದ್ರಿ. ಫೋಟೋನೂ ಇದೆ.”

ಮಂಚಯ್ಯ ಇಣುಕಿದ. ಅರ್ಧ ಮುಖಕ್ಕೆ ಟವೆಲ್ ಸುತ್ತಿ, ಮಣ್ಣಿನ ಬಾಂಡ್ಲಿ ಹೊತ್ತು ನಿಂತವನು ಧರ್ಮೇಂದ್ರನ ಭಾಮೈದ. ಹೂಳೆತ್ತಿದ್ದು ಜೆಸಿಬಿ, ಮನುಷ್ಯರು ಬೇಕಾಗಿದ್ದು ಫೋಟೋಗೆ. ಖಾತೆಗೆ ಬಂದ ಕೂಲಿಯನ್ನು ಮಂಚಯ್ಯನೇ ಬಿಡಿಸಿ ಧರ್ಮೇಂದ್ರನ ಕೈಗಿಟ್ಟು, ತನ್ನ ಪಾಲಿಗೆ ಎರಡು ಕಿಲೋ ಬಾಡು ತಂದಿದ್ದ.

ಧರ್ಮೇಂದ್ರ ಬೆವರೊರೆಸಿಕೊಂಡ. ಆದರೆ ಮೆಂಬರ್‌ಗಿರಿ ಅವನಿಗೆ ಸುಮ್ಮನೆ ಬಂದದ್ದಲ್ಲ. “ಅಂಗಾದ್ರೆ ಕೆರೇಲೇ ಬೆಳ್ಳು ಹೋಯ್ತು ಅಂತ ಬರ್ಕಳಿ ಮೇಡಂ. ಅದ್ಕೂ ಸರ್ಕಾರ ಕೊಡ್ತದೆ. ಅಲ್ವೇನ್ಲಾ ಮಂಚಣ್ಣ?”

ಮಂಚಯ್ಯ ಕೋಲೆಬಸವನಂತೆ ತಲೆಯಾಡಿಸಿದ.

ರಂಜಿತ ಮುಂದಿನ ಫೋಟೋ ತೆರೆದರು. ಹದಿಮೂರನೇ ತಾರೀಕು. ಅದೇ ಟವೆಲ್, ಅದೇ ಬಾಂಡ್ಲಿ. ಹದಿನಾಲ್ಕು, ಹದಿನೈದು, ಹೀಗೆ ಇಪ್ಪತ್ತನಾಲ್ಕರವರೆಗೂ.

“ಬೆರಳು ಹೋದ ಮಾರನೇ ದಿನದಿಂದ ಹತ್ತೂ ಬೆರಳಲ್ಲಿ ಬಾಂಡ್ಲಿ ಹಿಡಿದಿದ್ದೀರಿ. ಒಂದೋ ಈ ಕೈ ಸುಳ್ಳು, ಇಲ್ಲಾ ಆ ಫೋಟೋ ಸುಳ್ಳು. ಫೋಟೋ ಸುಳ್ಳು ಅಂತ ಬರೆದುಕೊಡಿ, ಈಗಲೇ ಅರ್ಜಿ ತಗೋತೀನಿ. ಆ ಕೂಲಿ ತಿಂದೋರು ಯಾರು ಅಂತ ಕೇಳೋಕೆ ಆಮೇಲೆ ಬೇರೆಯವರು ಬರ್ತಾರೆ.”

ಐದಕ್ಕೆ ಮೂರು ನಿಮಿಷವಿತ್ತು. ಮಂಚಯ್ಯ ಧರ್ಮೇಂದ್ರನ ಕಡೆ ತಿರುಗಿದ. ಕುರ್ಚಿ ಖಾಲಿಯಾಗಿತ್ತು.

“ಬರ್ಕೊಡಯ್ಯ,” ಎಂದು ಬೆಟ್ಟಮ್ಮ ಪೆನ್ನನ್ನು ಅವನ ಮುಂದೆ ಹಿಡಿದಳು. “ನೀ ಜೈಲಿಗೋದ್ರೂ ಹಸ ಆದ್ರೂ ಬತ್ತದೆ.”

ಮಂಚಯ್ಯ ತನ್ನ ಕೈ ನೋಡಿಕೊಂಡ. ಫೋಟೋದಲ್ಲಿದ್ದ ಕೈಯನ್ನೂ ನೋಡಿದ.

“ಯಾವ ಕೈಲಿ ಬರೀಲಮ್ಮೀ?”

ಅಟೆಂಡರು ಬಂದು ಕಿಟಕಿಗಳನ್ನು ಒಂದೊಂದಾಗಿ ಎಳೆದು ಚಿಲಕ ಹಾಕತೊಡಗಿದ.