ಬಾಲ ಕುಣಿಸುವ ಟ್ರೇಲರಿಗೆ ಠಾಕುರ್ಲಿಯಿಂದ ಒಂದು ದೂರು

ಮಾನ್ಯ ಟ್ರೇಲರ್ ಮಹಾಶಯರೇ,

ಠಾಕುರ್ಲಿ ರೈಲ್ವೆ ಸ್ಟೇಷನ್ ಬಳಿ ಸಸ್ಯಾಹಾರಿ ಹೋಟೆಲು ನಡೆಸುವ, ಉಡುಪಿ ಮೂಲದ ವಿಷ್ಣುಮೂರ್ತಿಯಾದ ನಾನು, ತಮ್ಮ ಎರಡೂ ಚಕ್ರಗಳಿಗೆ ಕೈಮುಗಿದು, ಎಂಟು ದಿನದಿಂದ ನಮ್ಮ ವಸತಿ ಸೊಸೈಟಿಯ ಗೇಟಿಗೆ ಅಡ್ಡ ನಿಂತು ಸೆಕ್ರೆಟರಿಯವರ ಬೈಗುಳವನ್ನು ಗಂಭೀರವಾಗಿ ಸಹಿಸುತ್ತಿರುವ ತಮ್ಮ ತಾಳ್ಮೆಯನ್ನು ಕೊಂಡಾಡಿ, ಈ ದೂರನ್ನು ಸಲ್ಲಿಸುತ್ತಿದ್ದೇನೆ.

ಮದುವೆಯಾದ ಇಪ್ಪತ್ತೊಂದು ವರ್ಷಗಳಲ್ಲಿ ನನ್ನ ಹೆಂಡತಿ ಶ್ರೀಲಕ್ಷ್ಮಿ ಹೋಟೆಲಿನ ಅಡುಗೆಮನೆಯಿಂದ ಒಂದು ದಿನದ ರಜೆಯನ್ನೂ ಕಂಡವಳಲ್ಲ. ಅವಳನ್ನು ಗೋಕರ್ಣದ ಕಡಲ ತೀರಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟು, ಮಂಚ, ಒಲೆ ಎಲ್ಲ ಇರುವ ಚಕ್ರದ ಮನೆಯಾಗಿ ತಮ್ಮನ್ನು ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ಕಟ್ಟಿಸಿದೆ. ತಾವು ಹದಿನಾಲ್ಕು ಅಡಿ ಉದ್ದ, ತಮ್ಮನ್ನು ಎಳೆಯಬೇಕಾದ ನನ್ನ ಕಾರು ಹನ್ನೆರಡು. ವಾಚ್‌ಮನ್ ನೋಡಿ ನಕ್ಕಿದ್ದನ್ನು ಹೊಟ್ಟೆಕಿಚ್ಚೆಂದು ತಿಳಿದೆ.

ಹೋದ ತಿಂಗಳು ಶ್ರೀಲಕ್ಷ್ಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲ್ಯಾಣ್-ಶಿಳ್ ರಸ್ತೆಯಲ್ಲಿ ಪರೀಕ್ಷೆಗೆ ಹೊರಟಾಗ, ವೇಗ ಐವತ್ತು ದಾಟಿದ್ದೇ ತಡ, ತಾವು ಮಾಡಿದ ನೃತ್ಯವನ್ನು ಹೊಗಳಲು ನನ್ನಲ್ಲಿ ಶಬ್ದಗಳಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಾವು ಸೊಂಟ ತಿರುಗಿಸಿದಂತೆಲ್ಲ ನನ್ನ ಬಡ ಕಾರೂ ತಾಳ ಹಾಕಿತು. “ಅಯ್ಯೋ ದೇವ್ರೇ, ನಿಲ್ಸಿ ಮಾರಾಯ್ರೆ!” ಎಂದು ಅವಳು ಕಿರುಚಿದ್ದು ತಮಗೆ ಚಪ್ಪಾಳೆಯಂತೆ ಕೇಳಿಸಿರಬೇಕು.

ಅವಳನ್ನು ಮನೆಗೆ ಬಿಟ್ಟು ಶೆಡ್ಡಿಗೆ ಮರಳಿದಾಗ, ತಮ್ಮನ್ನು ಕಟ್ಟಿದ ವೆಲ್ಡರ್, ಬಾಗಲಕೋಟೆಯ ಗುರುನಾಥ, ಹಿಂದಿನ ಬಾಗಿಲು ತೆರೆದು ತಲೆಗೆ ಕೈ ಹಚ್ಚಿದ. “ಸಾಹೇಬ್ರ, ಭಾರೆಲ್ಲಾ ಬಾಲಕ್ಕ ಹಾಕೀರಿ, ಮೂಗು ಮ್ಯಾಲೆದ್ದೈತಿ. ಕುಣೀದ ಏನ್ ಮಾಡ್ತೈತ್ರಿ?” ಅಲ್ಲಿದ್ದದ್ದು ನಮ್ಮ ಕಲ್ಲಿನ ಗ್ರೈಂಡರು. ರುಬ್ಬುವ ಜಾಗ ಹಿಂದೆ, ಗಿರಾಕಿಯ ಕಣ್ಣಿಗೆ ಬೀಳದ ಕಡೆ ಇರಬೇಕೆಂಬುದು ನನ್ನ ಅಜ್ಜನ ಕಾಲದ ಪದ್ಧತಿ. ತಮಗದು ಒಗ್ಗದೆಂದು ನನಗೆ ಯಾರು ಹೇಳಿದ್ದರು? ಅವನು ನನ್ನ ಕಾರು ಬಿಡಿಸಿ ಉದ್ದನೆಯ ಬಾಡಿಗೆ ಜೀಪೊಂದನ್ನು ಕಟ್ಟಿಸಿದ, ಅದರ ಕೊಕ್ಕೆಯನ್ನು ನಾಲ್ಕು ಇಂಚು ತಗ್ಗಿಸಿ ತಮ್ಮನ್ನು ಸಮಕ್ಕೆ ನಿಲ್ಲಿಸಿದ, ಗ್ರೈಂಡರನ್ನು ಮುಂಬಾಗಿಲ ಬಳಿಗೆ ಸರಿಸಿದ. ಮರುದಿನ ತಾವು ಎಂಬತ್ತರಲ್ಲೂ ಸಾಧ್ವಿಯಂತೆ ನೆಟ್ಟಗೆ ನಡೆದಿರಿ.

ನನ್ನ ದೂರು ಇರುವುದೇ ಇಲ್ಲಿ. ಹೊರಡುವ ದಿನ ಶ್ರೀಲಕ್ಷ್ಮಿ ಮುಂಬಾಗಿಲು ತೆರೆದಳು, ಎದುರಿಗೇ ಗ್ರೈಂಡರು. “ಇದ್ಯಾಕೆ?” ಎಂದಳು. ದಾರಿಯಲ್ಲಿ ಕಂಡವರ ಹೋಟೆಲಿನ ಇಡ್ಲಿ ತಿನ್ನುವುದುಂಟೇ, ಬೆಳಿಗ್ಗೆ ಎದ್ದು ನೀನೇ ಒಂದಿಷ್ಟು ರುಬ್ಬಿದರಾಯಿತಲ್ಲ ಎಂದೆ, ಪಾಪಿ ನಾನು. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಚೀಲ ಹಿಡಿದು ರಿಕ್ಷಾ ಹತ್ತಿ ಥಾಣೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಒಬ್ಬಳೇ ಗೋಕರ್ಣದ ರೈಲು ಹಿಡಿದಳು.

ಆದ್ದರಿಂದ ತಾವು ದಯಮಾಡಿ ಗೋಕರ್ಣಕ್ಕೆ ಒಬ್ಬರೇ ನಡೆದು ಹೋಗಿ, ಆ ಗ್ರೈಂಡರು ಬರೀ ಮೂಗಿನ ತೂಕಕ್ಕೆಂದು ಇಟ್ಟದ್ದು ಎಂದು ಅವಳೆದುರು ಸಾಕ್ಷಿ ಹೇಳಬೇಕಾಗಿ, ಪಕ್ಕದಲ್ಲಿ ನೆನೆಹಾಕಿದ್ದ ಅಕ್ಕಿ-ಉದ್ದಿನ ಬಗ್ಗೆ ಕೇಳಿದರೆ ಮೌನ ವಹಿಸಬೇಕಾಗಿ ವಿನಂತಿ.

ತಮ್ಮ ನೆಟ್ಟನೆಯ ನಡಿಗೆಯಿಂದಲೇ ಕೆಟ್ಟ,
ತಮ್ಮ ವಿಶ್ವಾಸಿ,
ವಿಷ್ಣುಮೂರ್ತಿ

ತಾ.ಕ.: ಈಗಷ್ಟೇ ಅವಳಿಂದ ಫೋಟೋ ಬಂತು. ಯಾವುದೋ ಹೋಟೆಲಿನಲ್ಲಿ, ಯಾರೋ ಬಡಿಸಿದ ಇಡ್ಲಿಯ ಮುಂದೆ ಕೂತು ನಗುತ್ತಿದ್ದಾಳೆ. ಕೆಳಗೆ ಬರೆದಿದ್ದಾಳೆ: “ಸ್ವಲ್ಪ ಗಟ್ಟಿ. ಆದ್ರೆ ನಾನು ರುಬ್ಬಿದ್ದಲ್ಲ ಅಲ್ವಾ, ಭಾರೀ ರುಚಿ.”