ಚಿನ್ನದ ಗಣಿಯಲ್ಲಿ ನನ್ನ ಪಾಡು

ಚಿನ್ನದ ಗಣಿಯಲ್ಲಿ ಕೆಲಸ ಎಂದು ಒಮ್ಮೆ ಬಾಯಿಬಿಟ್ಟರೆ ಮುಗಿಯಿತು, ಈ ಕೆಳಗಿನಂಥ ಪ್ರಸಂಗಗಳು ತಪ್ಪುವುದಿಲ್ಲ. ಸೌದಿಯಲ್ಲಿ, ಮದೀನಾದಿಂದಾಚೆ ಬೋಳುಗುಡ್ಡಗಳ ನಡುವೆ ಕಲ್ಲು ಪುಡಿ ಮಾಡುವ ಕ್ರಶರಿಗೆ ನಾನು ಮೆಕ್ಯಾನಿಕ್. ಕಂಡದ್ದೆಲ್ಲ ಧೂಳು. ಚಿನ್ನ ನೋಡಬೇಕಾದರೆ ನಾನೂ ಅಂಗಡಿಗೇ ಹೋಗಬೇಕು.

ಮಾಮನ ಸಲಹೆ

ರಜೆಗೆ ಊರಿಗೆ ಬಂದಾಗ, ಮದುವೆ ಊಟದಲ್ಲಿ ಹೆಂಡತಿಯ ಸೋದರಮಾವ ಪಕ್ಕಕ್ಕೆ ಬಂದು ಕೂತರು.

"ಎಂತ ಮಾರಾಯ, ಒಂದೆರಡು ತುಂಡು ಕಿಸೆಗೆ ಬೀಳುವುದಿಲ್ವಾ?"

"ಇಲ್ಲ ಮಾಮ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಮೂಗುತಿಗಾಗುವಷ್ಟು ಸಿಕ್ಕಿದರೆ ದೊಡ್ಡದು."

ಮಾಮ ಪಾಯಸ ಮುಗಿಯುವವರೆಗೆ ಯೋಚಿಸಿದರು. "ಹಾಗಾದರೆ ಕಲ್ಲನ್ನೇ ತರಬಹುದಿತ್ತಲ್ಲ. ಕಾಂಪೌಂಡಿಗಾದರೂ ಆಗ್ತಿತ್ತು."

ರಾಜ್ಯದ ಖನಿಜ

ಸೌದಿಯದ್ದೇ ಯಾನ್ಬು ಪಟ್ಟಣದ ಇಂಡಿಯನ್ ಶಾಲೆಯಲ್ಲಿ ಓದುವ ಮಗಳು ಫೋನ್ ಮಾಡಿದಳು. ಶಾಲೆಗೆ ಚಾರ್ಟ್ ಆಗಬೇಕಂತೆ. ರಾಜ್ಯದ ಪ್ರಾಣಿ, ಪಕ್ಷಿ, ಹೂವು ಬರೆದಾಗಿದೆ.

"ಪಪ್ಪಾ, ಕರ್ನಾಟಕದ ಸ್ಟೇಟ್ ಮಿನರಲ್ ಯಾವುದು?"

"ಹಾಗೆ ಸರ್ಕಾರ ಹೇಳಿದ್ದು ಯಾವುದೂ ಇಲ್ಲ ಮಗಳೇ."

"ಟೀಚರ್ ಚಾರ್ಟಲ್ಲಿ ಅದಕ್ಕೂ ಒಂದು ಬಾಕ್ಸ್ ಕೊಟ್ಟಿದ್ದಾರೆ!"

ಸೋತು, ಚಿನ್ನ ಎಂದು ಬರೆಯಲು ಹೇಳಿದೆ. ಕೋಲಾರದಲ್ಲಿ ಪಾತಾಳದಷ್ಟು ಆಳಕ್ಕೆ ಇಳಿದು ತೆಗೆದದ್ದು, ಕೊನೆಗೆ ಗಣಿ ಮುಚ್ಚಿದ್ದು, ಎಲ್ಲ ವಿವರಿಸಿದೆ. ಅವಳು ಚಾರ್ಟಿನಲ್ಲಿ ಬರೆದದ್ದು ಇಷ್ಟು: ರಾಜ್ಯದ ಖನಿಜ, ಚಿನ್ನ. ಈಗ ಸೌದಿಯಲ್ಲಿ ಸಿಗುತ್ತದೆ.

ಅರೆಯುವ ಕಲ್ಲು

ನಮ್ಮ ಗಣಿಯ ಗುಡ್ಡದಲ್ಲಿ ಸಾವಿರಾರು ವರ್ಷದ ಹಿಂದೆಯೂ ಚಿನ್ನ ತೆಗೆದಿದ್ದಾರೆ. ಆ ಕಾಲದವರು ಅದಿರು ಅರೆದ ಕಲ್ಲೊಂದನ್ನು ಆಫೀಸಿನ ಹೊರಗೆ ಇಟ್ಟಿದ್ದರು. ಅತಿಥಿಗಳು ಬರುವ ದಿನ ನೋಡಿದರೆ ಕಲ್ಲೇ ಇಲ್ಲ!

ಸೌದಿ ಮ್ಯಾನೇಜರ್ ಕೆಂಡವಾದರು. "ಯಲ್ಲಾ, ಹುಡುಕಿ! ತೆಗೆದವನು ಸೀದಾ ಅವನ ಊರಿಗೆ!"

ಕಲ್ಲು ಸಿಕ್ಕಿದ್ದು ಮೆಸ್ಸಿನ ಅಡುಗೆಮನೆಯಲ್ಲಿ. ಮಿಕ್ಸಿ ಕೆಟ್ಟಿತ್ತೆಂದು ನಮ್ಮ ಕುಂದಾಪುರದ ಅಡುಗೆಯವನು ಅದರ ಮೇಲೆ ಮೀನಿನ ಮಸಾಲೆ ಅರೆಯುತ್ತಿದ್ದ. ಊರಿನಲ್ಲಿ ಅವನ ಮನೆ ಗೋಡೆಯವರೆಗೆ ಎದ್ದು ನಿಂತಿತ್ತು. ಕೆಲಸ ಹೋದರೆ ಮೇಲೆ ಮಾಡು, ಹೆಂಚು ಏರುವುದಿಲ್ಲ. ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಇದು ಸಾವಿರಾರು ವರ್ಷದ್ದು ಅಂತ ಇವನಿಗೆ ಹೇಳು."

ಹೇಳಿದೆ. ಅವನಿಗೆ ಖುಷಿಯೇ ಆಯಿತು. "ಹೌದಾ ಮಾರಾಯ್ರೆ? ಅದ್ಕೇ ಅಷ್ಟ್ ನುಣ್ಣಗಿತ್ತ್, ಮಸಾಲೆ ಜಾರ್ತಿತ್ತ್! ಮೊನ್ನೆ ಉಳಿ ಹಿಡ್ದ್ ಇಡೀ ಕಲ್ಲ್ ಕುಟ್ಟಿ ಹೊಸತ್ ಮಾಡ್ದೆ."

"ಏನಂತೆ?" ಮ್ಯಾನೇಜರ್ ಕೇಳಿದರು.

"ತಪ್ಪಾಯ್ತಂತೆ ಸಾರ್. ತೊಳೆದು ಕೊಡ್ತಾನಂತೆ."

ಕೆಲಸ ಉಳಿಯಿತು. ತೊಳೆದ ಕಲ್ಲು ಅತಿಥಿಗಳೆದುರು ಬಂದು ಕೂತಿತು. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ಏರಿಸಿ, ಕಲ್ಲಿನ ಮೇಲೆ ಬೆರಳಾಡಿಸಿ ಬೆರಗಾದರು. "ಆ ಕಾಲದ ಉಳಿಯ ಗುರುತು ನೋಡಿ! ನಿನ್ನೆ ಕೆತ್ತಿದ ಹಾಗಿದೆ!"

"ಮೊನ್ನೆ ಸಾರ್" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ನಾನು ಕ್ರಶರ್ ಕಡೆ ನಡೆದೆ.